ಯಾವ ಪುಟ?

ಕೃಷ್ಣಮೂರ್ತಿಪುರಂನಲ್ಲಿ ನಾನು ಬಾಡಿಗೆಗಿರೋ ಮನೆಗೆ ಒಂದು ಜಗಲಿ ಇದೆ. ಅಕ್ಕಪಕ್ಕದ ಹೆಂಚಿನ ಮನೆಗಳು ಒಂದೊಂದಾಗಿ ಬಿದ್ದು ಮೂರು ಅಂತಸ್ತಿನ ಫ್ಲ್ಯಾಟುಗಳಾಗಿ ಎದ್ದಿವೆ. ನಮ್ಮ ಓನರ್ ಮೇಷ್ಟ್ರು ಮಾತ್ರ ಬಿಲ್ಡರ್‌ಗಳಿಗೆಲ್ಲ ಕಾಫಿ ಕೊಟ್ಟು ವಾಪಸ್ ಕಳಿಸಿದವರು. ಮುಂದಿನ ಮನೆಯಲ್ಲಿ ಅವರು, ಹಿಂದಿನ ಔಟ್‌ಹೌಸ್‌ನಲ್ಲಿ ನಾನು, ನಡುವೆ ಒಂದು ಬಾವಿ, ಒಂದು ಪಾರಿಜಾತ. ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕೂವರೆಗೆ ಆ ಜಗಲಿ ಮೇಲೆ ಏಳೆಂಟು ಜನ ಸೇರ್ತೀವಿ. ತಿಂಗಳಿಗೊಂದು ಪುಸ್ತಕ. ಓದಿ ಬಂದು ಮಾತಾಡೋದು ನಿಯಮ, ಓದದೇ ಬಂದು ಮಾತಾಡೋದು ವಾಡಿಕೆ.

ಐದು ವರ್ಷದಿಂದ ಕೂತು ಕೇಳಿದ್ದರಿಂದ ನಮ್ಮ ಮಾತಿನ ಜಾಡು ನನಗೀಗ ಬಾಯಿಪಾಠ. ಮೊದಲು ಯಾರಾದರೂ 'ತುಂಬಾ ಕಾಡಿತು' ಅಂತಾರೆ. ಕನ್ನಡದಲ್ಲಿ ಪುಸ್ತಕಗಳು ಕಾಡುವಷ್ಟು ದೆವ್ವಗಳೂ ಕಾಡಲ್ಲ. ಆಮೇಲೆ 'ಬೇರೆಯದೇ ಆಯಾಮ' ಬರುತ್ತೆ, 'ನೆಲದ ಸೊಗಡು' ಬರುತ್ತೆ. ಹಳ್ಳಿಯವನಾದ ನನ್ನ ಕಡೆ ಎಲ್ಲರೂ ಒಮ್ಮೆ ತಿರುಗಿ ನೋಡ್ತಾರೆ, ಸೊಗಡಿಗೆ ಸರ್ಟಿಫಿಕೇಟ್ ಕೊಡೋಕೆ. ಅಷ್ಟರಲ್ಲಿ ಬ್ಯಾಂಕಿಂದ ರಿಟೈರಾದ ಒಬ್ಬರು ಮಾತನ್ನು ಲೇಖಕರ ರಾಜಕೀಯಕ್ಕೆ ತಿರುಗಿಸಿರ್ತಾರೆ. ಅಲ್ಲಿಂದ ಪುಸ್ತಕ ಮಡಿಲಲ್ಲೇ ಮಲಗುತ್ತೆ, ಮಾತು ಮಾತ್ರ ಕೋಡುಬಳೆ ಮುಗಿಯೋ ತನಕ ಓಡುತ್ತೆ.

ನನ್ನ ಕೆಲಸದಲ್ಲಿ ಕೋಡ್ ರಿವ್ಯೂ ಅಂತ ಒಂದಿದೆ. ಒಬ್ಬ ಬರೆದ ಪ್ರೋಗ್ರಾಮನ್ನು ಇನ್ನೊಬ್ಬ ಓದಿ, ತಪ್ಪಿದ್ದ ಕಡೆ ಆ ಸಾಲಿನ ಪಕ್ಕದಲ್ಲೇ ಟಿಪ್ಪಣಿ ಹಾಕಬೇಕು. 'ಈ ಕೋಡ್ ಸರಿಯಿಲ್ಲ' ಅಂತ ಗಾಳಿಯಲ್ಲಿ ಗುಂಡು ಹೊಡೆಯೋ ಹಾಗಿಲ್ಲ. ಯಾವ ಫೈಲು, ಯಾವ ಸಾಲು ಅಂತ ಹೇಳಲೇಬೇಕು. ವಿಮರ್ಶೆಯೂ ಹೀಗೇ ಇದ್ದಿದ್ರೆ ಅಂತ ಮೊದಮೊದಲು ಅಂದ್ಕೊಳ್ತಿದ್ದೆ. ಆಮೇಲೆ ಜ್ಞಾಪಕ ಬಂತು, ಶುಕ್ರವಾರ ಸಂಜೆ ಎಂಟುನೂರು ಸಾಲಿನ ಕೋಡ್ ಬಂದರೆ ನಾವೇನು ಮಾಡ್ತೀವಿ ಅಂತ. ಕೊನೇ ತನಕ ಸ್ಕ್ರೋಲ್ ಮಾಡಿ 'ಎಲ್‌ಜಿಟಿಎಂ' ಅಂತ ನಾಲ್ಕಕ್ಷರ ಕುಟ್ಟಿ ಮನೆಗೆ ಹೋಗ್ತೀವಿ. ನನಗೇನೋ ಸರಿಯಾಗೇ ಕಾಣ್ತಿದೆ ಅಂತ ಅದರರ್ಥ. 'ತುಂಬಾ ಕಾಡಿತು' ಅನ್ನೋದು ಸಾಹಿತ್ಯದ ಎಲ್‌ಜಿಟಿಎಂ.

ಈ ಏರಿಯಾಗೆ ಪುಸ್ತಕದ ಮಾತು ಹೊಸದೇನಲ್ಲ. ಇಲ್ಲೇ ಇರೋ ಶಾರದಾ ವಿಲಾಸದಲ್ಲಿ ಗೋಪಾಲಕೃಷ್ಣ ಅಡಿಗರು ಕೆಲಕಾಲ ಪಾಠ ಮಾಡಿದ್ದರು. ಅದೇ ಸಂಸ್ಥೆಯ ಹೈಸ್ಕೂಲಿನಲ್ಲಿ ಎಸ್.ಎಲ್. ಭೈರಪ್ಪ ಓದಿದ್ದರು. ಕನ್ನಡ ಓದುಗರು ಮುಂದೆ ಅರ್ಧ ಶತಮಾನ ಪರಸ್ಪರ ಎದುರಿಗಿಟ್ಟು ಜಗಳವಾಡಿದ ಎರಡು ದಾರಿಗಳು ಒಂದೇ ಗೇಟಿನಿಂದ ಹಾದು ಹೋಗಿವೆ ಅನ್ನೋದು ನನಗೆ ಬಹಳ ಖುಷಿ ಕೊಡೋ ವಿಷಯ. ಐವತ್ತರ ದಶಕದ ಮೈಸೂರಿನ ಕಾಫಿ ಹೌಸಿನಲ್ಲಿ ಅಡಿಗರ ಸುತ್ತ ಕೂತು ಮಾತಾಡ್ತಿದ್ದ ಹುಡುಗರಲ್ಲಿ ಯು.ಆರ್. ಅನಂತಮೂರ್ತಿ ಒಬ್ಬರು. 1954ರಲ್ಲಿ ಅಡಿಗರ 'ಚಂಡೆಮದ್ದಳೆ' ಬಂತು, ನವ್ಯ ಅನ್ನೋದು ಒಂದು ಪಂಥವಾಗಿ ಗಟ್ಟಿಯಾಯ್ತು. ಒಂದು ಸಾಹಿತ್ಯ ಚಳವಳಿಗೆ ಕಾಫಿ ಟೇಬಲ್ಲಿನ ಹರಟೆಯೂ ಗೊಬ್ಬರವಾಯ್ತು ಅಂದರೆ ಹರಟೆಯನ್ನು ಹಗುರವಾಗಿ ನೋಡೋ ಹಾಗಿಲ್ಲ. (ಆ ಟೇಬಲ್ಲುಗಳಲ್ಲಿ ಹೆಂಗಸರು ಎಷ್ಟು ಜನ ಇದ್ದರು ಅಂತ ನಮ್ಮ ಕೂಟದ ಫಿಲಾಸಫಿ ಎಂ.ಎ. ಹುಡುಗಿ ಒಮ್ಮೆ ಕೇಳಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.)

ಇನ್ನೂ ಹಿಂದಕ್ಕೆ ಹೋದರೆ ಮಂಡನಮಿಶ್ರ ಮತ್ತು ಶಂಕರಾಚಾರ್ಯರ ವಾದದ ಕಥೆ. ಭೈರಪ್ಪನವರ 'ಸಾರ್ಥ'ದಲ್ಲೂ (1998) ಅದು ಬರುತ್ತೆ. ಸೋತವನು ಗೆದ್ದವನ ಆಶ್ರಮ ಸ್ವೀಕರಿಸಬೇಕು, ಅಂದರೆ ಗೃಹಸ್ಥ ಸೋತರೆ ಮನೆ ಮಠ ಬಿಟ್ಟು ಸನ್ಯಾಸಿ ಆಗಬೇಕು. ತೀರ್ಪು ಹೇಳೋಕೆ ಕೂತವಳು ಮಂಡನಮಿಶ್ರನ ಹೆಂಡತಿ ಭಾರತಿ. ಗಂಡ ಸೋತ ಅಂತ ಅವಳ ಬಾಯಿಂದಲೇ ಬರಬೇಕು, ಬಂದರೆ ಅವಳ ಸಂಸಾರವೂ ಅಲ್ಲಿಗೆ ಮುಗೀತು. ಇತಿಹಾಸವೋ ಐತಿಹ್ಯವೋ, ಅದನ್ನು ಓದುವಾಗ ನನಗೆ ನಮ್ಮ ಜಗಲಿ ನೆನಪಾಗಿ ನಗು ಬಂತು. ಐದು ವರ್ಷದಲ್ಲಿ ನಮ್ಮಲ್ಲಿ ಯಾರೂ ಒಂದು ಸಲವೂ ಸೋತಿಲ್ಲ. ಯಾರೂ ಒಂದು ಅಭಿಪ್ರಾಯವನ್ನೂ ಬದಲಾಯಿಸಿಕೊಂಡು ಮನೆಗೆ ಹೋಗಿಲ್ಲ.

ಹೋದ ವರ್ಷ, 2025ರ ಸೆಪ್ಟೆಂಬರ್‌ನಲ್ಲಿ, ಭೈರಪ್ಪನವರು ತೀರಿಕೊಂಡರು. ತೊಂಬತ್ತನಾಲ್ಕು ವರ್ಷ. ಮುಂದಿನ ಕೂಟಕ್ಕೆ ಪುಸ್ತಕ ಯಾವುದು ಅಂತ ಆರಿಸುವಾಗಲೇ ಜಗಲಿ ಎರಡಾಯ್ತು. ಬ್ಯಾಂಕಿನವರಿಗೆ 'ಆವರಣ' ಬೇಕು, ಆ ಹುಡುಗಿಗೆ 'ವಂಶವೃಕ್ಷ'. 2007ರಲ್ಲಿ 'ಆವರಣ' ಬಂದಾಗ ಇದು ಕಾದಂಬರಿಯೋ ವಾದವೋ ಅಂತ ಎದ್ದ ಜಗಳ ಹದಿನೆಂಟು ವರ್ಷ ಆದ ಮೇಲೂ ನಮ್ಮ ಜಗಲಿ ಮೇಲೆ ಬಿಸಿಯಾಗೇ ಇತ್ತು. ಕೊನೆಗೆ ಮೇಷ್ಟ್ರು, 'ಯಾರಿಗೂ ಜಗಳ ಬೇಡ, ಗೃಹಭಂಗ ಓದ್ಕೊಂಡು ಬನ್ನಿ' ಅಂದರು.

ಗೃಹಭಂಗದಲ್ಲಿ ಜಗಳವಿಲ್ಲ ಅಂದ್ಕೊಂಡಿದ್ದರು ಪಾಪ.

ನನಗೆ ಆ ಪುಸ್ತಕದ ಜೊತೆ ಬೇರೆ ಲೆಕ್ಕ ಇದೆ. ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕು, ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದೊಂದಕ್ಕೆ ಒಂದೊಂದು ಶಾಖ. ರಾತ್ರಿ ಕಣ್ಣು ಹತ್ತಿ ಬೆಂಕಿ ಇಳಿದರೂ ಕಷ್ಟ, ಏರಿದರೂ ಕಷ್ಟ, ವರ್ಷದ ದುಡಿಮೆ ಕಪ್ಪಾಗಿ ಬಿಡುತ್ತೆ. ನಾನು ಪಿಯುಸಿ ಓದುವಾಗ ಅವ್ವ, ನಾನು ಸರದಿ ಮೇಲೆ ಕಾಯ್ತಿದ್ದೆವು. ನಿದ್ದೆ ಬರದಿರಲಿ ಅಂತ ಕಾಲೇಜು ಲೈಬ್ರರಿಯ 'ಗೃಹಭಂಗ' ತಂದು ಅವ್ವನಿಗೆ ಜೋರಾಗಿ ಓದಿದೆ. ಅವ್ವ ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಓದ್ತಾಳೆ, ಕಾದಂಬರಿ ಅಂತ ಓದಿದವಳಲ್ಲ.

ಅವ್ವನ ಮೊದಲನೇ ಪ್ರಶ್ನೆ ಇವತ್ತಿಗೂ ನೆನಪಿದೆ. ನಂಜಮ್ಮ ಮುತ್ತುಗದ ಎಲೆ ಹಚ್ಚಿ ಮಾರಿ ಮನೆ ನಡೆಸ್ತಾಳಲ್ಲ, ಅಲ್ಲಿಗೆ ಬಂದಾಗ ಅವ್ವ ಸೌದೆ ತಳ್ಳುತ್ತಾ ಕೇಳಿದಳು: 'ನೂರು ಎಲೆಗೆ ಏಟು ಕೊಡೋರು?' ಓದಿನ ಮಧ್ಯ ಇದೆಂಥ ಪ್ರಶ್ನೆ ಅಂತ ನನಗೆ ಸಿಟ್ಟು. 'ಅದೆಲ್ಲ ಯಾಕವ್ವ, ಕಥೆ ಕೇಳು' ಅಂದೆ. 'ಕಥೆನೇ ಕೇಳ್ತಿರದು ಕಣ್ಲಾ. ಆ ಕಾಸು ಗೊತ್ತಾಗ್ದೆ ಅವಳ ಕಷ್ಟ ಎಂಗೆ ಗೊತ್ತಾದದು?'

ಎಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರಿ, ವಿಮರ್ಶೆಯ ದಪ್ಪ ಪುಸ್ತಕಗಳನ್ನು ಅರ್ಥವಾದಷ್ಟು ಓದಿದ ಮೇಲೆ ಗೊತ್ತಾಯ್ತು, ಅವ್ವ ಕೇಳಿದ್ದು ಆ ಕಾದಂಬರಿಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಅಂತ. ಯಾಕಂದರೆ 'ಗೃಹಭಂಗ' (1970) ಲೆಕ್ಕದ ಕಾದಂಬರಿ. ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ. ತಿನ್ನೋದು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಅವನಿಗೆ ಮೈ ಬಗ್ಗದು. ಊರಿನ ಲೆಕ್ಕ ಬರೆಯೋದು ನಂಜಮ್ಮ. ಕಲಿತು, ರೂಲು ಎಳೆದು, ಕಾಲಂ ತುಂಬಿ ಕೊಡ್ತಾಳೆ. ಆದರೆ ಹುದ್ದೆ ಗಂಡನದು, ಪೋಟಿಗೆಯ ದುಡ್ಡೂ ಗಂಡನ ಕೈಗೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೋಡ್ ಪೂರ್ತಿ ಇವಳದು, ಕಮಿಟ್ ಹಿಸ್ಟರಿಯಲ್ಲಿ ಚೆನ್ನಿಗರಾಯನ ಹೆಸರು. ಅತ್ತೆ ಗಂಗಮ್ಮನ ಬೈಗುಳ, ಮೈದುನ ಅಪ್ಪಣ್ಣಯ್ಯನ ಹುಂಬತನ, ಕೊನೆಗೆ ಪ್ಲೇಗು. ಇಷ್ಟರ ಮಧ್ಯೆಯೂ ಆ ಹೆಂಗಸು ತಿಂಗಳ ರಾಗಿ ಎಷ್ಟು, ಎಲೆ ಎಷ್ಟು, ಮಕ್ಕಳ ಸ್ಕೂಲಿಗೆ ಎಷ್ಟು ಅಂತ ಕೂಡಿಸ್ತಾ ಕಳೆಯುತ್ತಾ ಹೋಗ್ತಾಳೆ. ಲೇಖಕ ಪಕ್ಕದಲ್ಲಿ ನಿಂತು 'ನೋಡಿ ಎಂಥ ಸಹನೆ' ಅಂತ ಚಪ್ಪಾಳೆ ಹೊಡೆಯಲ್ಲ. ಅಳೋದೂ ಇಲ್ಲ.

ಭೈರಪ್ಪನವರ ಎಲ್ಲ ಕಾದಂಬರಿಗಳ ಬಗ್ಗೆ ಈ ಮಾತು ಹೇಳೋಕಾಗಲ್ಲ. ತತ್ವಶಾಸ್ತ್ರ ಓದಿ ಅದನ್ನೇ ಪಾಠ ಮಾಡಿದವರು ಅವರು, ಅವರ ಪಾತ್ರಗಳಿಗೆ ಚರ್ಚೆಯ ಚಟ ಇದೆ. 'ವಂಶವೃಕ್ಷ'ದಲ್ಲಿ ಶ್ರೋತ್ರಿಗಳಿಗೂ ಕಾತ್ಯಾಯನಿಗೂ ನಡುವಿನ ಧರ್ಮದ ಪ್ರಶ್ನೆ ಅವರವರ ಜೀವವನ್ನೇ ತಿನ್ನುತ್ತೆ, ಹಾಗಾಗಿ ಅಲ್ಲಿ ಚರ್ಚೆ ಕಥೆಯಾಗಿದೆ. 'ಆವರಣ'ಕ್ಕೆ ಬರುವಷ್ಟರಲ್ಲಿ ಚರ್ಚೆ ಗೆಲ್ಲಬೇಕಾದವರು ಯಾರು ಅಂತ ಮೊದಲೇ ಗೊತ್ತಿರುತ್ತೆ, ಕಾದಂಬರಿಯ ಒಳಗೇ ಆಕರ ಗ್ರಂಥಗಳ ಪಟ್ಟಿ ಬರುತ್ತೆ. ಆ ಪಟ್ಟಿಯಲ್ಲಿರೋದು ನಿಜವೋ ಸುಳ್ಳೋ ಅನ್ನೋದು ಬೇರೆ ಜಗಳ. ಕಾದಂಬರಿಗೆ ಅದು ಬೇಕಾಗಿ ಬಂತಲ್ಲ ಅನ್ನೋದು ನನ್ನ ತಕರಾರು. ನಂಜಮ್ಮನ ಕಷ್ಟಕ್ಕೆ ಯಾವ ಗ್ರಂಥದ ಸಾಕ್ಷಿಯೂ ಬೇಕಾಗಿರಲಿಲ್ಲ.

ಇದನ್ನೆಲ್ಲ ಅವತ್ತು ಜಗಲಿ ಮೇಲೆ ಹೇಳಬೇಕು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದೆ. ಹೇಳೋಕೆ ಆಗಲಿಲ್ಲ.

ಯಾಕಂದರೆ ಮೊದಲು ಬಾಯಿ ತೆಗೆದವನು ನನ್ನ ಗೆಳೆಯ. ಬಿ.ಇ.ಯಲ್ಲಿ ನನ್ನ ರೂಮ್‌ಮೇಟ್, ನಂಜನಗೂಡು ಕಡೆಯವನು, ಈಗ ಬೇರೊಂದು ಕಂಪನಿಯಲ್ಲಿ ನನಗಿಂತ ಜಾಸ್ತಿ ಸಂಬಳ ತಗೊಳ್ಳೋನು. ಅವನನ್ನು ಕೂಟಕ್ಕೆ ಕರೆತಂದವನು ನಾನೇ. ಪ್ಲೇಗ್ ಬಂದು ಊರು ಖಾಲಿ ಮಾಡಿ ಜನ ಹೊರಗೆ ಗುಡಿಸಲು ಹಾಕಿಕೊಳ್ಳೋ ಭಾಗ ತೆಗೆದು ಅವನು ಕೇಳಿದ: 'ಸಾರ್, ಇಲಿ ಬಿದ್ದಾಗ ನಮ್ಮ ಕೇರಿಲೂ ಬಿದ್ದಿರುತ್ತೆ ಅಲ್ವಾ? ಅಲ್ಲಿಯವರು ಎಲ್ಲಿಗೆ ಹೋದ್ರು? ಅವರಿಗೆ ಗುಡಿಸಲು ಎಲ್ಲಿ ಹಾಕೋಕೆ ಬಿಟ್ರು?'

ಇದು ಪ್ರಶ್ನೆ. ಪುಸ್ತಕ ತೊಡೆ ಮೇಲೆ ತೆರೆದೇ ಇತ್ತು, ಪುಟಕ್ಕೆ ಬೆರಳು ಇಟ್ಟುಕೊಂಡಿದ್ದ. ಐದು ವರ್ಷದಲ್ಲಿ ನಮ್ಮಲ್ಲಿ ಯಾರೂ ಹಾಗೆ ಬೆರಳಿಟ್ಟು ಕೇಳಿದ್ದು ನಾನು ನೋಡಿರಲಿಲ್ಲ.

ಬ್ಯಾಂಕಿನವರು, 'ಎಲ್ಲದಕ್ಕೂ ಜಾತಿ ತಂದರೆ ಸಾಹಿತ್ಯ ಓದೋಕಾಗಲ್ಲಪ್ಪಾ' ಅಂದರು. ಇನ್ನೊಬ್ಬರು, 'ಲೇಖಕರು ತಮ್ಮ ಅನುಭವ ಬರೆದಿದ್ದಾರೆ, ನಿಮ್ಮ ಅನುಭವ ನೀವು ಬರೀರಿ' ಅಂತ ನಗುತ್ತಲೇ ಅಂದರು. ಆ ಹುಡುಗಿ ಅವನ ಪರವಾಗಿ ಮಾತಾಡಿದಳು. ಆದರೆ ಅವಳು ಮಾತಾಡಿದ್ದು ಬ್ರಾಹ್ಮಣ್ಯ, ಪ್ರಾತಿನಿಧ್ಯ, ಅಂಚಿನವರ ದನಿ ಇತ್ಯಾದಿ. ಅದರಲ್ಲೂ ಅವನ ಪ್ರಶ್ನೆ ಕಳೆದೇ ಹೋಯ್ತು. ಹತ್ತು ನಿಮಿಷದಲ್ಲಿ ಜಗಲಿ ಎರಡು ಪಾರ್ಟಿಯಾಗಿ ತಾವು ಮೊದಲಿಂದ ಆಡ್ತಿದ್ದ ಜಗಳಕ್ಕೆ ಇಳಿಯಿತು. ಅವನು ಬೆರಳು ತೆಗೆದು ಪುಸ್ತಕ ಮುಚ್ಚಿದ್ದನ್ನು ನಾನು ನೋಡಿದೆ. ಮೇಷ್ಟ್ರು ಏನೋ ಹೇಳಲು ಹೋಗಿ ಸುಮ್ಮನಾದರು. ನಾನು? ನಾನು ನನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಕೋಡುಬಳೆ ತಿಂದೆ. ಮನೆ ಓನರ್ ಎದುರಿಗೆ, ಅವರ ಸ್ನೇಹಿತರ ಎದುರಿಗೆ ಯಾಕೆ ಅಂತ ಅನ್ನಿಸಿತೋ, ಅಥವಾ ಕಮ್ಮಿ ಬಾಡಿಗೆಯ ಔಟ್‌ಹೌಸ್ ನೆನಪಾಯ್ತೋ. ಎರಡನ್ನೂ ಅಲ್ಲಗಳೆಯಲಾರೆ.

ಮುಂದಿನ ತಿಂಗಳು ಅವನು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. 'ರಿಲೀಸ್ ಇದೆ ಕಣ್ಲಾ' ಅಂದ. ಭಾನುವಾರ ಸಂಜೆ ರಿಲೀಸ್ ಇಟ್ಟುಕೊಳ್ಳೋರು ಯಾರು ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ಆಮೇಲೆ ನಾನು 'ಗೃಹಭಂಗ'ವನ್ನು ಮೂರನೇ ಸಲ ಓದಿದೆ, ಈ ಸಲ ಅವನ ಪ್ರಶ್ನೆ ಇಟ್ಟುಕೊಂಡು. ಕಾದಂಬರಿ ಹೆಚ್ಚುಕಮ್ಮಿ ನಂಜಮ್ಮನ ಒಲೆ ಪಕ್ಕದಲ್ಲೇ ಕೂತಿದೆ. ಅವಳ ಬಾಗಿಲಿಂದ ಕಾಣುವಷ್ಟು ಊರು ಅದಕ್ಕೆ ಕಾಣುತ್ತೆ. ಅವಳ ಕಾಲು ಹೋಗದ ಕಡೆಗೆ ಅದರ ಕಣ್ಣೂ ಹೋಗೋದು ಅಪರೂಪ. ಇದು ಅದರ ಶಕ್ತಿ. ಇಷ್ಟು ಹತ್ತಿರದಿಂದ ಒಂದು ಹೆಂಗಸಿನ ಕೈಕೆಲಸ ನೋಡಿದ ಕಾದಂಬರಿ ಕನ್ನಡದಲ್ಲಿ ಕಮ್ಮಿ. ಅದರ ಮಿತಿಯೂ ಅದೇ ಜಾಗದಲ್ಲಿದೆ. ಕೇರಿ ಆ ಬಾಗಿಲಿನ ಎದುರಿಗೆ ಇರಲಿಲ್ಲ, ಇರೋಕೆ ಊರು ಬಿಟ್ಟಿರಲಿಲ್ಲ. ನನ್ನ ಗೆಳೆಯ ಕೇಳಿದ್ದು ಲೇಖಕನ ಮೇಲಿನ ಆಪಾದನೆ ಅಂತ ಎಲ್ಲರೂ ತಿಳಿದರು. ಅವನು ಕೇಳಿದ್ದು ಕಥೆಯ ಭೂಪಟದ ಬಗ್ಗೆ, ಅವ್ವ ಎಲೆಯ ರೇಟು ಕೇಳಿದ ಹಾಗೆಯೇ. ಮೂರು ವರ್ಷ ಕಳೆದು 1973ರಲ್ಲಿ ಅದೇ ಭೈರಪ್ಪ 'ದಾಟು' ಬರೆದು ಜಾತಿಯನ್ನೇ ಕಾದಂಬರಿಯ ನಡುಮನೆಗೆ ತಂದರು. ಅಂದಮೇಲೆ ಈ ಪ್ರಶ್ನೆ ಲೇಖಕರಿಗೇ ಇದ್ದಿರಬೇಕು, ನಮ್ಮ ಜಗಲಿಗೆ ಮಾತ್ರ ತಡೆಯಲಾಗಲಿಲ್ಲ.

ಇನ್ನೊಂದು ಕಂಡಿತು. ಮಕ್ಕಳು ಸತ್ತು, ನಂಜಮ್ಮನೂ ಸತ್ತು, ಮನೆ ಅನ್ನೋದು ಚೂರಾದ ಮೇಲೆ ಉಳಿದ ಹುಡುಗ ವಿಶ್ವನ ಕೈ ಹಿಡಿದು ಕರಕೊಂಡು ಹೋಗೋದು ಮಾದೇವಯ್ಯ. ರಕ್ತಸಂಬಂಧ ಇಲ್ಲ, ಒಂದೇ ಜಾತಿಯೂ ಅಲ್ಲ, ಭಿಕ್ಷೆ ಬೇಡಿ ಉಣ್ಣೋ ಅಯ್ಯ. ಗೃಹದ ಕಥೆಯಲ್ಲಿ ಕೊನೆಗೆ ಮಗುವಿಗೆ ಆಸರೆಯಾದವನು ಗೃಹವೇ ಇಲ್ಲದವನು. ಇದರ ಬಗ್ಗೆ ಮಾತಾಡೋದಕ್ಕೆ ನಮಗೆ ಇಡೀ ಒಂದು ಸಂಜೆ ಇತ್ತು, ನಾವು ಪಾರ್ಟಿ ಕಟ್ಟಿಕೊಂಡು ಕಳೆದೆವು.

ಗೆಳೆಯನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಬಲ್ಲಾಳ್ ಸರ್ಕಲ್ ಹತ್ತಿರ ಟೀ ಕುಡಿಯೋಣ ಬಾ ಅಂದ. ಬಂದವನು ಮಾತಾಡದೆ ಒಂದು ತೆಳ್ಳನೆ ಪುಸ್ತಕ ಕೈಗಿಟ್ಟ, ದೇವನೂರ ಮಹಾದೇವರ 'ಒಡಲಾಳ'. 'ಇದನ್ನ ಓದು. ಆಮೇಲೆ ಮಾತಾಡುವ.' ದೇವನೂರರೂ ಇದೇ ಮೈಸೂರಲ್ಲಿರೋರು. 'ಕುಸುಮಬಾಲೆ'ಗೆ (1984) ಅಕಾಡೆಮಿ ಪ್ರಶಸ್ತಿ ಬಂದದ್ದು ಗೊತ್ತಿತ್ತು, ಅದನ್ನು ಹತ್ತು ಪುಟ ಓದಿ ಭಾಷೆ ಕಷ್ಟ ಅಂತ ಬಿಟ್ಟವನು ನಾನು. ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನ ಕನ್ನಡವೂ ಅಲ್ಲ ಅದು, ನನ್ನ ರೂಮ್‌ಮೇಟ್ ನಾಲ್ಕು ವರ್ಷ ನನ್ನ ಜೊತೆ ಆಡಿದ ಕನ್ನಡ. ಪುಸ್ತಕದಲ್ಲಿ ಕಂಡಾಗ ಮಾತ್ರ ಕಷ್ಟವಾಯ್ತು.

'ಒಡಲಾಳ' ಒಂದೇ ರಾತ್ರಿಗೆ ಮುಗೀತು. ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕ್ತಾಳೆ. ಮಗ ಕದ್ದ ಕಡಲೆಕಾಯಿ ಮೂಟೆ ಹೊತ್ತು ತರ್ತಾನೆ. ಮನೆ ಮಂದಿಯೆಲ್ಲ ಒಲೆ ಸುತ್ತ ಕೂತು ರಾತ್ರಿಯೆಲ್ಲ ತಿಂತಾರೆ, ಬೆಳಿಗ್ಗೆ ಪೊಲೀಸರು ಬರ್ತಾರೆ. ಇಷ್ಟೇ ಅಂದರೆ ಇಷ್ಟೇ. ಆದರೆ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿ. ರಾಮಸಂದ್ರದ ಶ್ಯಾನುಭೋಗರ ಮನೆಯಲ್ಲಿ ಊಟ ಜನರನ್ನು ಒಡೆಯುತ್ತೆ. ಚೆನ್ನಿಗರಾಯ ಸಿಕ್ಕಿದ್ದನ್ನು ಒಬ್ಬನೇ ಮುಕ್ಕುತ್ತಾನೆ, ಮಕ್ಕಳ ಪಾಲಿಗೆ ಎಷ್ಟು ಉಳೀತು ಅನ್ನೋದು ನಂಜಮ್ಮನ ದಿನದ ಲೆಕ್ಕ. ಸಾಕವ್ವನ ಗುಡಿಸಲಲ್ಲಿ ನಾಳೆಗೆ ಏನೂ ಇಲ್ಲ, ಮನೆಯೊಳಗೆ ಜಗಳಕ್ಕೆ ಬರವಿಲ್ಲ, ಆದರೂ ಆ ಒಂದು ರಾತ್ರಿ ತಿನ್ನೋದು ಎಲ್ಲರನ್ನೂ ಒಂದು ಒಲೆಗೆ ಸೇರಿಸುತ್ತೆ. ಹಸಿವಿನ ಬಗ್ಗೆ ಅಂತ ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬಹುದು. ಆದರೆ ಭೈರಪ್ಪನವರಿಗೆ ಹಸಿವು ಮಾನದ ಪ್ರಶ್ನೆ, ದೇವನೂರರ ಜನಕ್ಕೆ ಮಾನಕ್ಕಿಂತ ಮೊದಲು ಹೊಟ್ಟೆ, ಹೊಟ್ಟೆಯ ಜೊತೆಗೇ ನಗು. ಪ್ಲೇಗಿನ ಕಾಲದಲ್ಲಿ ಕೇರಿ ಎಲ್ಲಿಗೆ ಹೋಯ್ತು ಅನ್ನೋದಕ್ಕೆ ಈ ಪುಸ್ತಕ ಉತ್ತರ ಹೇಳಲ್ಲ. ಕೇರಿಯ ಒಳಗೂ ಒಂದು ಒಲೆ ಇತ್ತು, ಅದರ ಪಕ್ಕ ಕೂತೂ ಊರು ನೋಡಬಹುದು ಅಂತ ತೋರಿಸುತ್ತೆ. ನಂಜಮ್ಮನ ಒಲೆ ಇದರಿಂದ ಆರಿಹೋಗಲ್ಲ.

'ಒಡಲಾಳ'ದ ಬಗ್ಗೆಯೂ ನನಗೊಂದು ತಕರಾರಿದೆ. ಪೊಲೀಸರು ಬಂದ ಮೇಲೆ ಬರಹದ ನಡಿಗೆ ಬದಲಾಗುತ್ತೆ. ರಾತ್ರಿಯ ಭಾಗದಲ್ಲಿ ಯಾರನ್ನೂ ಅವಸರಪಡಿಸದ ಲೇಖಕ ಬೆಳಗಾದ ಮೇಲೆ ಸ್ವಲ್ಪ ಬೇಗ ಹೆಜ್ಜೆ ಹಾಕಿದರು ಅಂತ ನನಗನ್ನಿಸಿತು. ಇದು ನನ್ನ ಓದಿನ ತಪ್ಪೂ ಇರಬಹುದು.

ಮೇಷ್ಟ್ರ ಹತ್ತಿರ ಹೋಗಿ ಮುಂದಿನ ತಿಂಗಳಿಗೆ 'ಒಡಲಾಳ' ಇಡೋಣ ಅಂದೆ. ಅವರು ಸ್ವಲ್ಪ ಹೊತ್ತು ಬಾವಿ ಕಡೆ ನೋಡಿದರು. 'ಅವತ್ತು ಆ ಹುಡುಗನ್ನ ನಾನು ಮಾತಾಡೋಕೆ ಬಿಡಬೇಕಿತ್ತು' ಅಂದರು. ಆಮೇಲೆ, 'ಒಂದು ಕಟ್ಟಳೆ ಮಾಡೋಣ. ಬಾಯಿ ತೆಗೆಯೋ ಮುಂಚೆ ಪುಟ ಹೇಳಬೇಕು. ಪುಟ ಹೇಳದವರಿಗೆ ಕಾಫಿ ಇಲ್ಲ.' ಒಳಗಿಂದ ಅವರ ಮನೆಯವರು, 'ಕಾಫಿ ಮಾಡೋಳು ನಾನು, ಕಟ್ಟಳೆ ನಿಮ್ಮದಾ?' ಅಂದರು. ಹೋದ ಸಲದ ಕೂಟದಲ್ಲಿ ಅವರೂ ಹೊಸ್ತಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರು ಪುಸ್ತಕ ಓದಿದ್ದಾರಾ ಅಂತ ನಾವ್ಯಾರೂ ಐದು ವರ್ಷದಲ್ಲಿ ಕೇಳಿಲ್ಲ ಅಂತ ಆಗ ಹೊಳೆಯಿತು. ಕೇಳಿದೆ. ಪ್ರತಿ ತಿಂಗಳ ಪುಸ್ತಕವನ್ನೂ ಓದಿದ್ದರು.

ಗೆಳೆಯನಿಗೆ ಮೆಸೇಜ್ ಹಾಕಿದೆ: 'ಒಡಲಾಳ ಓದಿದೆ. ಒಂದು ಕಡೆ ಒಪ್ಪಲಿಲ್ಲ. ಭಾನುವಾರ ಬಾ, ಜಗಳ ಆಡೋಣ.' ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ರಾತ್ರಿ ಹತ್ತು ಗಂಟೆಗೆ ಬಂತು, ಎರಡೇ ಪದ:

'ಯಾವ ಪುಟ?'

ನಂಬರ್ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. ಮನೇಲಿ ಅವನ ಹತ್ತಿರ ಇದ್ದಿದ್ದು ಅವರಪ್ಪನ ಕಾಲದ ಹಳೇ ಪ್ರಿಂಟು, ನನಗೆ ಕೊಟ್ಟದ್ದು ಹೊಸದು, ಪುಟ ಹೊಂದುತ್ತಿಲ್ಲ.

'ಪೊಲೀಸ್ನೋರು ಬರೋ ಜಾಗ ಕಣ್ಲಾ' ಅಂದೆ. 'ಅಲ್ಲಿಂದ ಸ್ವಲ್ಪ ಮುಂದಕ್ಕೆ.'

ಹಾಳೆ ತಿರುವೋ ಸದ್ದು ಕೇಳಿಸಿತು.

'ಹ್ಞೂಂ, ಸಿಕ್ತು. ಈಗ ಹೇಳು.'